ಹೊಟ್ಟೆ ಆಪರೇಶನ್ ಆಗಿ 14 ತಿಂಗಳು, ಹಸಿವು ತಿರುಗಿ ಬಂದಿದೆ. ಏನು ಮಾಡಲಿ?

ಕೋಡಿಬಾಗದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನಗೆ 41 ವರ್ಷ. ಹೋದ ವರ್ಷ ಫೆಬ್ರವರಿ ಕೊನೆಯಲ್ಲಿ ಹುಬ್ಬಳ್ಳಿಯಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಶನ್ ಆಯಿತು. ಹೊಟ್ಟೆಯನ್ನು ಉದ್ದಕ್ಕೆ ಕತ್ತರಿಸಿ ಬಾಳೆಕಾಯಿ ಆಕಾರಕ್ಕೆ ಇಳಿಸುತ್ತಾರಲ್ಲ, ಅದು. ಆಗ 114 ಕೆಜಿ ಇದ್ದೆ. ಶುಗರ್ ಇತ್ತು. ಮೊಣಕಾಲು ನೋವು ಎಷ್ಟಿತ್ತು ಅಂದರೆ ಎರಡು ಮೆಟ್ಟಿಲು ಇಳಿದು ತುಳಸಿಗೆ ನೀರು ಹಾಕುವುದೂ ಕಷ್ಟ. ಈ ವರ್ಷ ಫೆಬ್ರವರಿ ಹೊತ್ತಿಗೆ 77ಕ್ಕೆ ಬಂದೆ. ಶುಗರ್ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದರು. ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಆಪರೇಶನ್ ಮಾಡಿಸಿಕೊಂಡಿದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ.

ಮೊದಲ ಎಂಟೊಂಬತ್ತು ತಿಂಗಳು ಹಸಿವು ಅನ್ನುವುದೇ ಇರಲಿಲ್ಲ. ಗಡಿಯಾರ ನೋಡಿ ತಿನ್ನುತ್ತಿದ್ದೆ. ಅರ್ಧ ಬಟ್ಟಲು ಮೀನು ಸಾರು ಅನ್ನ ತಿಂದರೆ ಸಾಕೋ ಸಾಕು. ಈಗ ಎರಡು ತಿಂಗಳಿಂದ ಹಸಿವು ತಿರುಗಿ ಬಂದಿದೆ. ಬೆಳಿಗ್ಗೆ 11ಕ್ಕೆ ಒಮ್ಮೆ, ಸಂಜೆ 5ಕ್ಕೆ ಒಮ್ಮೆ. ಸಂಜೆಯದಂತೂ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗೆ, ಎದೆಯವರೆಗೂ ಉರಿದುಕೊಂಡು ಬರುತ್ತದೆ. ಏನಾದರೂ ಬಾಯಿಗೆ ಹಾಕಿದರೆ ಹತ್ತು ನಿಮಿಷ ಸಮಾಧಾನ, ಆಮೇಲೆ ಮತ್ತೆ ಅದೇ. ತೂಕ 79.5 ಆಗಿದೆ. ಎರಡೂವರೆ ಕೆಜಿ ಅಷ್ಟೇ ಅಲ್ವಾ ಅಂತ ಇವರು ಹೇಳುತ್ತಾರೆ, ಆದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಹೊಟ್ಟೆ ಹಿಗ್ಗಿಬಿಟ್ಟಿತೇ, ಮತ್ತೆ 114ಕ್ಕೇ ಹೋಗುತ್ತೇನೆಯೇ ಅನ್ನುವ ಹೆದರಿಕೆ.

ದಿನದ ಊಟ ಹೀಗಿದೆ. 7ಕ್ಕೆ ಚಹಾ, ಎರಡು ಟೋಸ್ಟ್. 9ಕ್ಕೆ ಒಂದು ದೋಸೆ, ಇಲ್ಲವೇ ಅವಲಕ್ಕಿ. 11ಕ್ಕೆ ಹಸಿವಾದರೆ ನಾಲ್ಕು ಮಾರಿ ಬಿಸ್ಕಿಟ್, ಚಹಾ. 1.30ಕ್ಕೆ ಅನ್ನ, ಮೀನು ಸಾರು, ಜೊತೆಗೆ ಒಂದು ಲೋಟ ನೀರು. 5ಕ್ಕೆ ಮತ್ತೆ ಚಹಾ, ಕೈಗೆ ಸಿಕ್ಕಿದ್ದು. ರಾತ್ರಿ ಕುಚಲಕ್ಕಿ ಗಂಜಿ, ಉಪ್ಪಿನಕಾಯಿ. ಗಂಜಿ ಹಗುರ ಅಂತ ಅದನ್ನೇ ಇಟ್ಟುಕೊಂಡಿದ್ದೇನೆ. ಮೊಬೈಲಿನಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ದಿನ ಹಟ ಹಿಡಿದು 800 ಕ್ಯಾಲೊರಿಗೆ ನಿಲ್ಲಿಸಿದರೆ ಮರುದಿನ 1400 ದಾಟುತ್ತದೆ. 1000 ದಾಟಬೇಡಿ ಅಂತ ಮೊದಲಿಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ಚೆಕಪ್ಪಿಗೆ ಹೋಗಿದ್ದು ಮೂರು ತಿಂಗಳಿಗೆ ಒಂದೇ ಸಲ. ಆರು ತಿಂಗಳಿನದ್ದು ಆಗಸ್ಟಿನಲ್ಲಿ ಬಂತು, ಆ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತುವ ಧೈರ್ಯ ಆಗಲಿಲ್ಲ. ವರ್ಷದ್ದು ಮಗಳ ಪರೀಕ್ಷೆಯಲ್ಲಿ ತಪ್ಪಿತು. ಫೋನ್ ಮಾಡಿದರೆ ಬಂದೇ ತೋರಿಸಿ ಅನ್ನುತ್ತಾರೆ, ಬೇರೆ ಏನೂ ಹೇಳುವುದಿಲ್ಲ. ವಿಟಮಿನ್ ಮಾತ್ರೆ ಜನವರಿಯಲ್ಲಿ ಮುಗಿದವು, ಮತ್ತೆ ತಂದಿಲ್ಲ. ಮೊಣಕಾಲಿಗೆ ಆಗಾಗ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತರುತ್ತೇನೆ.

ಮೊನ್ನೆ ಬಿಸ್ಕಿಟ್ ಡಬ್ಬಿ ತೆಗೆದಾಗ ಅತ್ತೆ ಹೇಳಿದರು, ಅಷ್ಟು ದುಡ್ಡು ಸುರಿದು ಹೊಟ್ಟೆ ಕತ್ತರಿಸಿಕೊಂಡು ಈಗ ಮತ್ತೆ ತಿನ್ನುವುದಾದರೆ ಯಾಕೆ ಬೇಕಿತ್ತು ಅಂತ. ಅವರು ಕೆಟ್ಟವರಲ್ಲ. ಆಪರೇಶನ್ ಆದಾಗ ಹದಿನೈದು ದಿನ ನನ್ನ ಹಾಸಿಗೆ ಪಕ್ಕದಲ್ಲೇ ಮಲಗಿದವರು. ಅದಕ್ಕೇ ಆ ಮಾತು ಜಾಸ್ತಿ ನಾಟಿತು.

ಯಾರಿಗಾದರೂ ಹೀಗೆ ಆಗಿದೆಯೇ?

ಅಪ್ಪೆಮಿಡಿ, ಶಿರಸಿ

ತಂಗಿ, ನನಗೆ ಆಗಿದೆ. ಹೆಚ್ಚುಕಮ್ಮಿ ಇದೇ ಕಥೆ. ಅದಕ್ಕೇ ತೋಟದ ಕೆಲಸ ಬಿಟ್ಟು ಬರೆಯಲು ಕೂತಿದ್ದೇನೆ.

ನನ್ನದು ಬೈಪಾಸ್, ಹೃದಯದ್ದಲ್ಲ, ಹೊಟ್ಟೆಯನ್ನು ಸಣ್ಣದು ಮಾಡಿ ನೇರ ಕರುಳಿಗೆ ಜೋಡಿಸುತ್ತಾರಲ್ಲ, ಅದು. 2019ರ ಡಿಸೆಂಬರ್. 128 ಕೆಜಿ ಇದ್ದವನು ಒಂದೂವರೆ ವರ್ಷದಲ್ಲಿ 82ಕ್ಕೆ ಇಳಿದೆ. ಆಮೇಲೆ ಹಸಿವು ಬಂತು. ನಾನು ಯಾರಿಗೂ ಹೇಳಲಿಲ್ಲ. ಊರಿನಲ್ಲಿ ಎಲ್ಲರೂ ಹೊಗಳುತ್ತಿದ್ದರು, ಅವರ ಎದುರು ಹಸಿವಾಗುತ್ತಿದೆ ಅನ್ನಲು ನಾಚಿಕೆ. ಸುಮ್ನೆ ಇದ್ದು ಸುಮ್ನೆ ಇದ್ದು 92ಕ್ಕೆ ಹೋದೆ. ಈಗ 86ರಲ್ಲಿ ಮೂರು ವರ್ಷದಿಂದ ನಿಂತಿದ್ದೇನೆ. ನೀವು ಎರಡೂವರೆ ಕೆಜಿಗೇ ಕೇಳಿದಿರಲ್ಲ, ಅದೇ ದೊಡ್ಡದು.

ನಾನು ಕಲಿತ ಒಂದು ಸಂಗತಿ ಹೇಳುತ್ತೇನೆ, ಉಳಿದದ್ದನ್ನು ತಿಳಿದವರು ಹೇಳಲಿ. ಗಂಜಿ ಹಗುರ ಅಂತ ನಾವು ಅಂದುಕೊಂಡಿದ್ದೇವೆ. ಹೊಟ್ಟೆಗೆ ಹಗುರವೇ, ಆದರೆ ಅದು ನಿಲ್ಲುವುದಿಲ್ಲ. ಆಪರೇಶನ್ ಆದ ಮೊದಲ ತಿಂಗಳು ಹೊಲಿಗೆ ಮಾಯಬೇಕು ಅಂತ ತೆಳ್ಳಗಿನದು, ಮೆತ್ತಗಿನದು ಕೊಡುತ್ತಾರೆ. ಅದು ಆ ತಿಂಗಳಿನ ಊಟ. ನಾವು ಅದನ್ನೇ ಪಥ್ಯ ಅಂತ ಜೀವಮಾನಕ್ಕೆ ಹಿಡಿದುಕೊಳ್ಳುತ್ತೇವೆ. ಹೊಟ್ಟೆ ಸಣ್ಣದಾಗಿರುವುದರ ಲಾಭ ಸಿಗುವುದು ಗಟ್ಟಿ ಪದಾರ್ಥ ತಿಂದಾಗ. ಗಟ್ಟಿಯದು ನಿಧಾನ ಕರಗುತ್ತದೆ, ಅಲ್ಲೇ ಕೂತಿರುತ್ತದೆ, ಹೊಟ್ಟೆ ತುಂಬಿದೆ ಅಂತ ತಲೆಗೆ ತಿಳಿಯುತ್ತದೆ. ಗಂಜಿ, ಚಹಾದಲ್ಲಿ ಅದ್ದಿದ ಟೋಸ್ಟ್, ಬಿಸ್ಕಿಟ್, ಮೆತ್ತಗೆ ನೆನೆಸಿದ ಅವಲಕ್ಕಿ ಇವೆಲ್ಲ ಜಾರಿಕೊಂಡು ಹೋಗುತ್ತವೆ. ಎಷ್ಟು ತಿಂದರೂ ಹಿಡಿಸುತ್ತದೆ, ಒಂದು ಗಂಟೆಗೆ ಮತ್ತೆ ಹಸಿವು.

ನನ್ನ ಮನೆಯಲ್ಲಿ ಅದು ತಂಬುಳಿ ಅನ್ನ. ನಾವು ಹವ್ಯಕರು, ಬೇಸಿಗೆಯಲ್ಲಿ ತಂಬುಳಿ ಇಲ್ಲದೆ ಊಟ ಇಲ್ಲ. ಒಂದೆಲಗದ ತಂಬುಳಿಯಲ್ಲಿ ಅನ್ನ ಕಲಸಿ ಕುಡಿದ ಹಾಗೆ ಉಣ್ಣುವುದು. ಕೊನೆಗೆ ಒಂದು ಲೋಟ ಅಪ್ಪೆಹುಳಿ. ಬಟ್ಟಲು ಸಣ್ಣದೇ, ಆದರೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ. ಜೊತೆಗೆ ಹಲಸಿನ ಹಪ್ಪಳ. ಹಪ್ಪಳವೂ ಬಾಯಲ್ಲೇ ಪುಡಿಯಾಗಿ ಜಾರುವ ಜಾತಿಯದು.

ಬದಲಾಯಿಸಿದ್ದು ಇಷ್ಟು. ಊಟಕ್ಕೆ ಕೂತ ಕೂಡಲೇ ಮೊದಲು ಪ್ರೋಟೀನ್. ಬೇಯಿಸಿದ ಹೆಸರುಕಾಳಿನ ಉಸಲಿ, ಕಡಲೆ ಉಸಲಿ, ಪನ್ನೀರ್, ಇಲ್ಲವೇ ಸೋಯಾ. ಒಣ ಸೋಯಾ ಉಂಡೆ 25 ಗ್ರಾಂ ನೆನೆಸಿದರೆ 13 ಗ್ರಾಂ ಪ್ರೋಟೀನ್ ಸಿಗುತ್ತದೆ, ಸಸ್ಯಾಹಾರಿಗಳಿಗೆ ಇದಕ್ಕಿಂತ ಸುಲಭ ದಾರಿ ನನಗೆ ಸಿಗಲಿಲ್ಲ. ಮೊಸರನ್ನು ತೆಳ್ಳಗಿನ ಬಟ್ಟೆಯಲ್ಲಿ ಕಟ್ಟಿ ರಾತ್ರಿ ತೂಗು ಹಾಕುತ್ತೇವೆ, ನೀರು ಇಳಿದ ಗಟ್ಟಿ ಮೊಸರು ಬೆಳಿಗ್ಗೆಗೆ. ಅದಾದ ಮೇಲೆ ಪಲ್ಯ. ಕೊನೆಗೆ ಜಾಗ ಉಳಿದರೆ ಎರಡು ಮೂರು ತುತ್ತು ಅನ್ನ. ತಂಬುಳಿ ಬಿಟ್ಟಿಲ್ಲ, ಊಟ ಆಗಿ ಮುಕ್ಕಾಲು ಗಂಟೆ ಬಿಟ್ಟು ಲೋಟದಲ್ಲಿ ಕುಡಿಯುತ್ತೇನೆ. ನೀವು ಊಟದ ಜೊತೆ ನೀರು ಕುಡಿಯುತ್ತೇನೆ ಅಂದಿರಲ್ಲ, ಅದನ್ನು ಇವತ್ತೇ ನಿಲ್ಲಿಸಿ.

ಇನ್ನೊಂದು, ಬೈಪಾಸ್ ಆದವರು ಯಾರಾದರೂ ಓದುತ್ತಿದ್ದರೆ ಅಂತ ಬರೆಯುತ್ತೇನೆ. ನನಗೆ ಒಂದು ಮದುವೆಮನೆಯಲ್ಲಿ ತೊಡೆದೇವು ತಿಂದು ಹದಿನೈದು ನಿಮಿಷದಲ್ಲಿ ಬೆವರು, ಎದೆ ಢವಢವ, ಹೊಟ್ಟೆ ಹಿಂಡಿದ ಹಾಗೆ. ಪಂಕ್ತಿಯಿಂದ ಎದ್ದು ಹೋಗಿ ಜಗುಲಿಯಲ್ಲಿ ಮಲಗಿದೆ. ಅದಕ್ಕೆ ಡಂಪಿಂಗ್ ಅನ್ನುತ್ತಾರೆ, ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಆಗುವುದು. ಒಂದರಿಂದ ಮೂರು ಗಂಟೆ ಬಿಟ್ಟು ಇನ್ನೊಂದು ಬರಬಹುದು, ಆಗ ರಕ್ತದ ಶುಗರ್ ಕೆಳಗೆ ಬೀಳುತ್ತದೆ, ಕೈ ನಡುಗುತ್ತದೆ, ಸಿಕ್ಕಾಪಟ್ಟೆ ಹಸಿವಾಗುತ್ತದೆ. ನಾನು ಆ ಹಸಿವಿಗೆ ಬೆಲ್ಲ ತಿನ್ನುತ್ತಿದ್ದೆ. ತಿಂದರೆ ಸರಿಯಾಗುತ್ತಿತ್ತು, ಎರಡು ಗಂಟೆಗೆ ಮತ್ತೆ ಬರುತ್ತಿತ್ತು. ಡಾಕ್ಟರಿಗೆ ಹೇಳಿದ ಮೇಲೆಯೇ ಗೊತ್ತಾಗಿದ್ದು, ಶುಗರ್ ಬಿದ್ದ ಗಳಿಗೆಗೆ ಸಿಹಿ ಬೇಕಾದರೂ ಹಿಂದಿನ ಊಟ ಸರಿ ಮಾಡದೆ ಆ ಸುತ್ತು ನಿಲ್ಲುವುದಿಲ್ಲ ಅಂತ.

ಪಥ್ಯದ ಪುಸ್ತಕ, ಅಂಕೋಲಾ

ನಾನು ಆಹಾರ ಸಲಹೆಗಾರ್ತಿ, ಇಂಥ ಆಪರೇಶನ್ ಆದವರನ್ನು ಎಂಟು ವರ್ಷದಿಂದ ನೋಡುತ್ತಿದ್ದೇನೆ. ಶಿರಸಿ ಅಣ್ಣ ಹೇಳಿದ ಗಂಜಿ ಮಾತು ನೂರಕ್ಕೆ ನೂರು ಸರಿ.

ಅಕ್ಕ, ಮೊದಲು ನಿಮ್ಮ ಹೆದರಿಕೆ. ಹಸಿವು ಬಂದಿದ್ದು ನಿಮ್ಮ ತಪ್ಪಲ್ಲ. ಸ್ಲೀವಿನಲ್ಲಿ ಹೊಟ್ಟೆಯ ನೂರಕ್ಕೆ 75ರಿಂದ 80 ಭಾಗ ತೆಗೆಯುತ್ತಾರೆ. ಹಾಗೆ ತೆಗೆದ ಮೇಲ್ಭಾಗದಲ್ಲೇ ಘ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಹಾರ್ಮೋನು ಇದು. ಅದು ಒಮ್ಮೆಲೇ ಇಳಿದದ್ದಕ್ಕೇ ನಿಮಗೆ ಎಂಟೊಂಬತ್ತು ತಿಂಗಳು ಹಸಿವು ಗೊತ್ತಾಗಲಿಲ್ಲ. ಆದರೆ ಮೈ ಅಂದರೆ ಬರೀ ಹೊಟ್ಟೆಯಲ್ಲವಲ್ಲ. 37 ಕೆಜಿ ಕಳೆದುಕೊಂಡ ಮೈ ಅದನ್ನು ಬರಗಾಲ ಅಂತಲೇ ತಿಳಿದುಕೊಳ್ಳುತ್ತದೆ. ಮೊದಲಿಗಿಂತ ಕಡಿಮೆ ಕ್ಯಾಲೊರಿಯಲ್ಲಿ ನಡೆಯಲು ಕಲಿಯುತ್ತದೆ, ತಿನ್ನು ತಿನ್ನು ಅಂತ ಹೇಳಲು ಬೇರೆ ದಾರಿ ಹುಡುಕುತ್ತದೆ. ವರ್ಷದ ಸುಮಾರಿಗೆ ಹಸಿವು ಸ್ವಲ್ಪ ಮರಳುವುದು, ಅತಿ ಕಡಿಮೆ ತೂಕ ಮುಟ್ಟಿದ ಮೇಲೆ ಎರಡು ಮೂರು ಕೆಜಿ ಏರುವುದು ತುಂಬಾ ಜನರಿಗೆ ಆಗುತ್ತದೆ. ಅದು 114ರ ದಾರಿ ಅಲ್ಲ. ಆದರೆ ಗಮನ ಕೊಡಬೇಕಾದ ಹೊತ್ತು ಹೌದು.

ಈಗ ನೀವು ಬರೆದದ್ದರಲ್ಲಿ ನನಗೆ ಕಂಡ ಮುಖ್ಯ ವಿಷಯ. ಸಂಜೆ 5ರ ಆ ಬೆಂಕಿ. ಎದೆಯವರೆಗೂ ಉರಿ, ಏನಾದರೂ ತಿಂದರೆ ಹತ್ತು ನಿಮಿಷ ಸಮಾಧಾನ ಅಂದಿದ್ದೀರಿ. ಅದು ಹಸಿವೇ ಅಲ್ಲದಿರಬಹುದು, ಆಮ್ಲ ಇರಬಹುದು. ಸ್ಲೀವ್ ಆದವರಲ್ಲಿ ಹುಳಿತೇಗು, ಎದೆಯುರಿ ಸಾಮಾನ್ಯ. ಖಾಲಿ ಹೊಟ್ಟೆಯ ಉರಿಯನ್ನು ಹಸಿವು ಅಂತ ತಿಳಿದು ತಿನ್ನುತ್ತಾ ಹೋಗುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಅದರ ಮೇಲೆ ದಿನಕ್ಕೆ ಮೂರು ಚಹಾ, ಮೇಲಿಂದ ನೋವಿನ ಮಾತ್ರೆ. ಆ ಮಾತ್ರೆ ಯಾವುದು ಅಂತ ನನಗೆ ಗೊತ್ತಿಲ್ಲ, ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯದಾಗಿದ್ದರೆ ಡಾಕ್ಟರನ್ನು ಕೇಳದೆ ಮತ್ತೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಬೈಪಾಸ್ ಆದವರಂತೂ ಅವುಗಳ ಹತ್ತಿರವೇ ಹೋಗಬಾರದು. ಹುಬ್ಬಳ್ಳಿಗೆ ಹೋಗುವವರೆಗೆ ಕಾಯಬೇಡಿ, ಕಾರವಾರದಲ್ಲೇ ಒಬ್ಬ ಫಿಸಿಶಿಯನ್ ಹತ್ತಿರ ಆಪರೇಶನ್ ಕಾಗದ ತೆಗೆದುಕೊಂಡು ಹೋಗಿ ಈ ಉರಿಯ ಬಗ್ಗೆ ಹೇಳಿ.

ಕ್ಯಾಲೊರಿ ಲೆಕ್ಕಕ್ಕೆ ಬರೋಣ. 1000 ಅಂತ ಬರೆದುಕೊಟ್ಟಿದ್ದು ಮೊದಲ ತಿಂಗಳುಗಳಿಗೆ ಇದ್ದಿರಬೇಕು. ವರ್ಷ ದಾಟಿದವರಲ್ಲಿ ತುಂಬಾ ಜನ 1000ದಿಂದ 1400ರ ನಡುವೆ ಇರುತ್ತಾರೆ. ಎತ್ತರ, ಓಡಾಟ, ವಯಸ್ಸು ನೋಡಿ ಹೆಚ್ಚುಕಮ್ಮಿ ಆಗುತ್ತದೆ. ನಿಮ್ಮದು ಎಷ್ಟು ಅಂತ ನಿಮ್ಮನ್ನು ನೋಡಿದವರೇ ಹೇಳಬೇಕು. ಆದರೆ ಒಂದು ದಿನ 800, ಮರುದಿನ 1400 ಅನ್ನುವ ತೂಗುಯ್ಯಾಲೆ ಬೇಡ. 800ರ ದಿನವೇ 1400ರ ದಿನವನ್ನು ಕರೆತರುತ್ತಿದೆ. ದಿನಾ 1100, 1200ರಲ್ಲಿ ನೆಲೆಯಾಗಿ ನಿಂತರೆ ವಾರದ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ, ನಿದ್ದೆಯೂ ಬರುತ್ತದೆ.

ನಿಜ ಹೇಳಬೇಕೆಂದರೆ ನಿಮ್ಮ ದಿನದ ಊಟದಲ್ಲಿ ನನಗೆ ಕ್ಯಾಲೊರಿಗಿಂತ ಪ್ರೋಟೀನಿನ ಚಿಂತೆ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, 80ರವರೆಗೆ ಹೋದರೂ ಒಳ್ಳೆಯದು. ನಿಮ್ಮದು 30 ದಾಟುತ್ತಿಲ್ಲ ಅನಿಸುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೀ ಅಕ್ಕಿ, ಮೈದಾ, ಸಕ್ಕರೆ. ನಾಲ್ಕು ಮಾರಿ ಬಿಸ್ಕಿಟ್ಟಿಗೆ 100 ಕ್ಯಾಲೊರಿ ಹತ್ತಿರ, ಪ್ರೋಟೀನ್ ಎರಡು ಗ್ರಾಂ ಇದ್ದರೆ ಹೆಚ್ಚು. ಒಂದು ಬೇಯಿಸಿದ ಮೊಟ್ಟೆಗೆ 75 ಕ್ಯಾಲೊರಿ, ಪ್ರೋಟೀನ್ 6 ಗ್ರಾಂ. 11ರ ಹಸಿವು ಬರುವುದೇ 9ರ ಅವಲಕ್ಕಿಯಿಂದ. ಅಲ್ಲಿ ಎರಡು ಮೊಟ್ಟೆ ಇಟ್ಟು ನೋಡಿ, ಪಕ್ಕದಲ್ಲಿ ಅರ್ಧ ದೋಸೆ ಇರಲಿ.

ನೀವು ಕಾರವಾರದವರು, ಪ್ರೋಟೀನಿಗೆ ಪೌಡರ್ ಡಬ್ಬಿ ಹುಡುಕಬೇಕಾಗಿಲ್ಲ. ಮಧ್ಯಮ ಗಾತ್ರದ ಒಂದು ಬಂಗಡೆಯಲ್ಲಿ ಮುಳ್ಳು ಬಿಟ್ಟು 12 ಗ್ರಾಂ ಸುಮಾರಿಗೆ ಪ್ರೋಟೀನ್ ಇರುತ್ತದೆ. ಮೀನು ಸಾರಿನಲ್ಲಿ ಅನ್ನ ಕಲಸಿ ತಿನ್ನುವುದು, ಹೋಳನ್ನು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ರೂಢಿ. ಅದನ್ನು ತಿರುಗಿಸಿ. ಮೊದಲು ಮೀನಿನ ಹೋಳು, ನಿಧಾನಕ್ಕೆ ಅಗಿದು, ಆಮೇಲೆ ಅನ್ನ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸುವ ಬದಲು ಕಾವಲಿ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಹುರಿಯಿರಿ, ಇಲ್ಲವೇ ಬಾಳೆಲೆಯಲ್ಲಿ ಸುಟ್ಟು ತಿನ್ನಿ. ತೆಂಗಿನಕಾಯಿ ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ, ನಮ್ಮ ಕಡೆ ಅದು ನಡೆಯುವ ಮಾತಲ್ಲ. ಲೆಕ್ಕ ಮಾತ್ರ ಗೊತ್ತಿರಲಿ. ಅರ್ಧ ಬಟ್ಟಲು ತುರಿಗೆ 140 ಕ್ಯಾಲೊರಿ, ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ 120. ಒಂದು ಮುಷ್ಟಿ ಗೇರುಬೀಜಕ್ಕೆ 170. ಮೊಬೈಲಿನಲ್ಲಿ ಮೀನು ಸಾರು ಅಂತ ಒತ್ತಿದರೆ ಬರುವ ಲೆಕ್ಕದಲ್ಲಿ ನಮ್ಮ ಅರೆದ ಮಸಾಲೆ ಇರುವುದಿಲ್ಲ.

ನೀರು ಊಟದ ಜೊತೆ ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಆದರೆ ಇಡೀ ದಿನದಲ್ಲಿ ಒಂದೂವರೆ ಲೀಟರಿಗೆ ಕಡಿಮೆ ಆಗಬಾರದು, ಗುಟುಕು ಗುಟುಕಾಗಿ. ಕರಾವಳಿಯ ಬೆವರಿಗೆ ಇನ್ನೂ ಸ್ವಲ್ಪ ಬೇಕು. ಬಾಯಾರಿಕೆಯೂ ಎಷ್ಟೋ ಸಲ ಹಸಿವಿನ ವೇಷದಲ್ಲಿ ಬರುತ್ತದೆ.

ವಿಟಮಿನ್ ಮಾತ್ರೆ ನಿಲ್ಲಿಸಿದ್ದು ಮಾತ್ರ ನನಗೆ ಬಹಳ ಬೇಸರ ತಂದಿತು ಅಕ್ಕ. ಇದು ಜೀವಮಾನದ ಮಾತ್ರೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಯಾವುದೂ ಈ ಸಣ್ಣ ಹೊಟ್ಟೆಯ ಊಟದಿಂದ ಪೂರ್ತಿ ಸಿಗುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಮತ್ತೆ ಶುರು ಮಾಡಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ್ದನ್ನು ಚಹಾ ಹತ್ತಿರ ತೆಗೆದುಕೊಳ್ಳಬೇಡಿ. ಯಾರಿಗಾದರೂ ದಿನಗಟ್ಟಲೆ ವಾಂತಿ ಆಗುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಬಿ1 ಕಡಿಮೆಯಾಗಿ ನರಗಳಿಗೆ ತೊಂದರೆ ಆಗುತ್ತದೆ. ಅದು ಕಾಯುವ ವಿಷಯ ಅಲ್ಲ.

ಹೊನ್ನಾವರದ ಹುಡುಗ

ಇಷ್ಟೆಲ್ಲ ಯಾಕೆ, ಐದು ದಿನ ಬರೀ ತಿಳಿಗಂಜಿ, ಎಳನೀರು ಕುಡಿದು ಇದ್ದರೆ ಹೊಟ್ಟೆ ಮತ್ತೆ ಸಣ್ಣ ಆಗುತ್ತದಂತೆ. ನಮ್ಮ ಅಣ್ಣ ಒಂದು ವಿಡಿಯೋ ನೋಡಿ ಮಾಡಿದ, ಮೂರು ಕೆಜಿ ಇಳಿದ. ಅಕ್ಕನೂ ಮಾಡಿ ನೋಡಬಹುದಲ್ಲ? ಒಳ್ಳೆಯದಾಗಲಿ ಅಂತ ಹೇಳುತ್ತಿದ್ದೇನೆ.

ಪಥ್ಯದ ಪುಸ್ತಕ, ಅಂಕೋಲಾ

ತಮ್ಮಾ, ನಿಮ್ಮ ಮನಸ್ಸು ಒಳ್ಳೆಯದು, ಆದರೆ ಇದು ಬೇಡ. ದ್ರವ ಕುಡಿದು ಹೊಟ್ಟೆ ಕುಗ್ಗುವುದಿಲ್ಲ. ಐದು ದಿನದಲ್ಲಿ ಇಳಿದ ಮೂರು ಕೆಜಿಯಲ್ಲಿ ಹೆಚ್ಚಿನದು ನೀರು, ಊಟ ಶುರುವಾದ ವಾರದಲ್ಲಿ ತಿರುಗಿ ಬರುತ್ತದೆ. ಪ್ರೋಟೀನ್ ಇಲ್ಲದ ಐದು ದಿನದಲ್ಲಿ ಮಾಂಸಖಂಡವೂ ಕರಗುತ್ತದೆ. ಅದು ಕರಗಿದಷ್ಟೂ ಮುಂದೆ ತೂಕ ಹಿಡಿಯುವುದು ಕಷ್ಟ. ನಿಮ್ಮ ಅಣ್ಣನೂ ಆಪರೇಶನ್ ಆದವರಾದರೆ ಅವರಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿ.

ಅಘನಾಶಿನಿ, ಕುಮಟಾ

ಆಪರೇಶನ್ ಆಗಿದ್ದು ನನಗಲ್ಲ, ನಮ್ಮ ಆಯಿಗೆ. ಮೂರು ವರ್ಷ ಆಯಿತು. ಮನೆಯವರ ಕಡೆಯಿಂದ ಎರಡು ಮಾತು ಹೇಳುತ್ತೇನೆ, ಅಕ್ಕನ ಅತ್ತೆಯ ಮಾತು ಓದಿ ನನ್ನದೇ ನೆನಪಾಯಿತು.

ಆಯಿ ಮತ್ತೆ ತಿನ್ನಲು ಶುರು ಮಾಡಿದಾಗ ನಾನೂ ಹಾಗೇ ಹೇಳಿದ್ದೆ. ಅದಕ್ಕಿಂತ ಕಟುವಾಗಿ ಹೇಳಿದ್ದೆ. ಆಮೇಲೆ ಆಯಿ ನಮ್ಮೆದುರು ತಿನ್ನುವುದನ್ನೇ ಬಿಟ್ಟರು. ರಾತ್ರಿ ಎದ್ದು ಅಡುಗೆಮನೆಯಲ್ಲಿ ದೀಪ ಹಾಕದೆ ತಿನ್ನುತ್ತಿದ್ದರು. ಒಂದು ದಿನ ನೀರಿಗೆ ಎದ್ದವನು ನೋಡಿದೆ. ಕತ್ತಲಲ್ಲಿ ನಿಂತು ಒಣ ಅವಲಕ್ಕಿ, ಬೆಲ್ಲ ತಿನ್ನುತ್ತಿದ್ದರು. ನನ್ನನ್ನು ನೋಡಿ ಕೈ ಹಿಂದೆ ಮಾಡಿದರು. ಆ ಕೈ ನನಗೆ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಆಯಿಯ ತಟ್ಟೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಬದಲಿಗೆ ಮನೆಗೆ ಬರುವ ಸಾಮಾನು ಬದಲಾಯಿಸಿದೆವು. ಬಿಸ್ಕಿಟ್, ಖಾರಿ, ಸೇವು ತರುವುದು ನಿಲ್ಲಿಸಿದೆವು, ಮಕ್ಕಳಿಗೂ ಸೇರಿ. 4.30ಕ್ಕೆ ಹಸಿವಾಗುವ ಮೊದಲೇ ಒಂದು ಸಣ್ಣ ಬಟ್ಟಲು ಉಸಲಿ, ಇಲ್ಲವೇ ಒಂದು ಮೊಟ್ಟೆ, ನಾವೂ ಜೊತೆಗೆ ಕೂತು ತಿನ್ನುತ್ತೇವೆ.

ಅಕ್ಕ, ನಿಮ್ಮ ಅತ್ತೆಯವರನ್ನು ಡಾಕ್ಟರ ಹತ್ತಿರ ಹೋಗುವಾಗ ಕರೆದುಕೊಂಡು ಹೋಗಿ. ಹಸಿವು ಮೈಯದ್ದು, ಆಸೆಬುರುಕತನ ಅಲ್ಲ ಅಂತ ಅವರ ಕಿವಿಗೇ ಬೀಳಲಿ. ನಮ್ಮಲ್ಲಿ ಅದರಿಂದಲೇ ಅರ್ಧ ಸರಿಯಾಯಿತು.

ಇನ್ನೊಂದು ಈಗಲೇ ಯೋಚಿಸಿಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಪೇಟೆಯಲ್ಲಿ ಮೀನು ಕಡಿಮೆ, ಇದ್ದರೂ ರೇಟು ಮುಟ್ಟುವ ಹಾಗಿರುವುದಿಲ್ಲ. ಆಯಿಗೆ ಪ್ರತಿವರ್ಷ ತೂಕ ಏರುವುದು ಆ ಎರಡು ತಿಂಗಳಲ್ಲೇ. ಮಳೆ, ನಡೆಯಲು ಆಗುವುದಿಲ್ಲ, ಮೀನಿಲ್ಲ, ಹಪ್ಪಳ ಸಂಡಿಗೆ ಎದುರಿಗೇ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬಿಪಿ ಇರುವವರಿಗೆ ದಿನಾ ಆಗದು. ನಾವು ಮೇ ತಿಂಗಳಲ್ಲೇ ಕಡಲೆ, ಹೆಸರು, ಅಲಸಂದೆ ತಂದಿಡುತ್ತೇವೆ, ಮೊಟ್ಟೆ ಟ್ರೇ ಲೆಕ್ಕದಲ್ಲಿ. ಮಳೆ ಹಿಡಿಯುವ ಮೊದಲು ನಮ್ಮ ಹೊಳೆಯ ಬಳಚು (ಚಿಪ್ಪುಮೀನು) ಸಿಕ್ಕಿದಷ್ಟು ದಿನ ಸುಕ್ಕಾ ಮಾಡಿ ತಿಂದು ಮುಗಿಸುತ್ತೇವೆ. ಬಳಚಿನಲ್ಲಿ ಕಬ್ಬಿಣ, ಬಿ12 ಎರಡೂ ಚೆನ್ನಾಗಿವೆ ಅಂತ ಆಯಿಯ ಡಾಕ್ಟರೇ ಹೇಳಿದ್ದು.

ಕೋಡಿಬಾಗದವಳು, ಕಾರವಾರ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿಮ್ಮ ಮಾತುಗಳನ್ನು ಇವರಿಗೆ ಓದಿ ಹೇಳಿದೆ. ಕುಮಟಾದ ತಮ್ಮ ಬರೆದದ್ದನ್ನು ಅತ್ತೆಗೂ ಓದಿದೆ. ಕೇಳಿ ಸುಮ್ಮನಾದರು. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಎರಡು ಮೊಟ್ಟೆ ಬೇಯಿಸಿ ಸಿಪ್ಪೆ ತೆಗೆದು ಮುಚ್ಚಿಟ್ಟಿದ್ದರು. ಅವರು ಸೋಮವಾರ ಮೊಟ್ಟೆ ಮುಟ್ಟದವರು. ಅವತ್ತು ಸೋಮವಾರ.

ಇಲ್ಲೇ ಡಾಕ್ಟರಿಗೆ ತೋರಿಸಿದೆ. ಅಂಕೋಲೆಯ ತಂಗಿ ಹೇಳಿದ ಹಾಗೆಯೇ ಆಮ್ಲ. ನಾನು ನುಂಗುತ್ತಿದ್ದುದು ಡೈಕ್ಲೊಫೆನಾಕೇ. ಅದನ್ನು ಬಿಡಿಸಿ ಬೇರೆ ಕೊಟ್ಟಿದ್ದಾರೆ, ಹೊಟ್ಟೆಯ ಉರಿಗೂ ಮಾತ್ರೆ ಕೊಟ್ಟರು. ಹತ್ತು ದಿನದಲ್ಲಿ ಸಂಜೆಯ ಬೆಂಕಿ ಆರಿತು. ಎರಡು ತಿಂಗಳು ನಾನು ಆ ಉರಿಗೆ ತಿನ್ನುತ್ತಾ ಇದ್ದೆ ಅಂತ ಈಗ ಗೊತ್ತಾಗುತ್ತಿದೆ. ರಕ್ತ ಪರೀಕ್ಷೆಯಲ್ಲಿ ಬಿ12, ವಿಟಮಿನ್ ಡಿ ಎರಡೂ ಕಡಿಮೆ ಬಂದಿವೆ, ಬಿ12ಕ್ಕೆ ಇಂಜೆಕ್ಷನ್ ಶುರುವಾಗಿದೆ. ಹುಬ್ಬಳ್ಳಿಗೆ ಮಳೆ ಹಿಡಿಯುವ ಮೊದಲೇ ಹೋಗಿ ಬರುತ್ತೇವೆ, ದಿನ ಗೊತ್ತು ಮಾಡಿದ್ದೇವೆ, ಅತ್ತೆಯೂ ಬರುತ್ತಾರೆ.

11ರ ಹಸಿವು ಪೂರ್ತಿ ಹೋಗಿಲ್ಲ, ಆದರೆ 12ರವರೆಗೆ ತಳ್ಳಿದೆ. ಬೆಳಿಗ್ಗೆ ಎರಡು ಮೊಟ್ಟೆ, ಅರ್ಧ ದೋಸೆ. ಮಧ್ಯಾಹ್ನ ಮೊದಲು ಮೀನು. ಇದು ಅಭ್ಯಾಸ ಆಗಲು ಒಂದು ವಾರ ಹಿಡಿಯಿತು, ಕೈ ತಾನಾಗಿ ಅನ್ನಕ್ಕೆ ಹೋಗುತ್ತಿತ್ತು. ಎರಡು ಬಂಗಡೆ ಅಗಿದು ತಿಂದ ಮೇಲೆ ಅನ್ನ ನಾಲ್ಕು ತುತ್ತಿಗೆ ಸಾಕಾಗುತ್ತದೆ, ಮೊದಲ ತಿಂಗಳುಗಳಲ್ಲಿ ಆಗುತ್ತಿತ್ತಲ್ಲ ಹಾಗೆಯೇ. ಅಂದರೆ ಹೊಟ್ಟೆ ಹಿಗ್ಗಿಲ್ಲ! ಅದು ಗೊತ್ತಾದ ದಿನ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ರಾತ್ರಿ ಗಂಜಿ ವಾರಕ್ಕೆ ಎರಡು ದಿನ ಇದೆ, ಜೊತೆಗೆ ಹೆಸರುಕಾಳಿನ ಉಸಲಿ. ಕ್ಯಾಲೊರಿ 1150ರಿಂದ 1250ರ ಒಳಗೆ ಬರುತ್ತಿದೆ, ಪ್ರೋಟೀನ್ 60 ದಾಟಿದೆ. ತೂಕ 79.1. ದಿನಾ ನೋಡುವುದು ಬಿಟ್ಟಿದ್ದೇನೆ, ಭಾನುವಾರ ಮಾತ್ರ.

ಒಂದು ಪ್ರಶ್ನೆ ಉಳಿದಿದೆ. ಅಂಕೋಲೆಯಿಂದ ತವರಿನವರು ಕರಿ ಈಶಾಡು ಮಾವಿನಹಣ್ಣು ಒಂದು ಬುಟ್ಟಿ ಕಳಿಸಿದ್ದಾರೆ. ಮನೆ ತುಂಬಾ ವಾಸನೆ. ಹೋದ ವರ್ಷ ಒಂದು ಹೋಳೂ ಮುಟ್ಟಲಿಲ್ಲ. ಈ ವರ್ಷ ತಿನ್ನಬಹುದೇ?

ಪಥ್ಯದ ಪುಸ್ತಕ, ಅಂಕೋಲಾ

ತಿನ್ನಿ ಅಕ್ಕ. ರಸ ಹಿಂಡಿ ಸೀಕರಣೆ ಮಾಡಿಕೊಂಡು ಬೇಡ, ಅದು ಜಾರುತ್ತದೆ, ಸಕ್ಕರೆಯೂ ಸೇರುತ್ತದೆ. ಹೋಳು ಮಾಡಿ ಅಗಿದು ತಿನ್ನಿ. ಖಾಲಿ ಹೊಟ್ಟೆಗೆ ಬೇಡ, ಮಧ್ಯಾಹ್ನ ಮೀನು ತಿಂದ ಮೇಲೆ ಅನ್ನದ ಜಾಗದಲ್ಲಿ ಅರ್ಧ ಹಣ್ಣು. ಶುಗರ್ ಇದ್ದವರಾದ್ದರಿಂದ ಮೊದಲ ದಿನ ತಿಂದು ಎರಡು ಗಂಟೆಗೆ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಸರಿ ಇದ್ದರೆ ಬುಟ್ಟಿ ಮುಗಿಯುವವರೆಗೂ ದಿನಾ ಅರ್ಧ. ಇನ್ನರ್ಧ ಅತ್ತೆಗೆ ಕೊಡಿ.